ಅಕ್ಕನ ಮದುವೆ ಆಲ್ಬಮ್ಮಿನಲ್ಲಿ ನಾನಿಲ್ಲ!

ನಮ್ಮ ನಲ್ಲೂರಿನ ಬಸ್ ಸ್ಟಾಂಡಿನಲ್ಲಿ ಐದು ನಿಮಿಷ ನಿಂತು ಹುಡುಗರ ತಲೆ ನೋಡಿ ಗೆಳೆಯರೇ... ಯಾವ ಹೀರೋನ ಪಿಕ್ಚರ್ ಓಡುತ್ತಿದೆ ಅಂತ ಪೋಸ್ಟರ್ ನೋಡಿ ತಿಳಿಯಬೇಕಾಗಿಲ್ಲ! ಇದೇನು ಇವತ್ತಿನ ಖಯಾಲಿಯಲ್ಲ. ನಮ್ಮಪ್ಪನ ವಯಸ್ಸಿನವರಿಗೆ 1972ರ ‘ನಾಗರಹಾವು’ ವಿಷ್ಣುವರ್ಧನ್, 1980ರ ‘ಆಟೋ ರಾಜ’ ಶಂಕರ್‌ನಾಗ್. ನನಗೆ ಯಶ್.

2014ರ ಡಿಸೆಂಬರಿನಲ್ಲಿ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಬಂದಾಗ ನಾನು ಪಿಯುಸಿ. ಪಿಯುಸಿ ಅರ್ಧಕ್ಕೇ ನಿಂತಿತು, ತಲೆಯ ಖಯಾಲಿ ಮಾತ್ರ ನಿಲ್ಲಲಿಲ್ಲ. ಅಂಗೈ ತುಂಬ ಜೆಲ್ ಬಳಿದು ದಾವಣಗೆರೆ ಬಸ್ಸು ಹತ್ತುತ್ತಿದ್ದೆ. ಇಳಿದು ಬಾಚಣಿಗೆ ಹಾಕಿದರೆ ಭುಜದ ಮೇಲೆಲ್ಲ ಬಿಳಿ ಪುಡಿ! ತಲೆಹೊಟ್ಟು ಅಂತ ಗೆಳೆಯರು ನಕ್ಕರು. ಅದು ಹೊಟ್ಟಲ್ಲ, ಒಣಗಿ ಮುರಿದ ಜೆಲ್ಲು ಎಂದು ಹೇಳಿದವರು ನಮ್ಮೂರ ಕಟಿಂಗ್ ಶಾಪಿನ ಅಣ್ಣ.

“ತಮ್ಮಾ, ಹೀರೋ ತಲೀನೇ ಬೇರೆ, ನಿನ್ ತಲೀನೇ ಬೇರೆ. ಅವ್ರಿಗೆ ಶಾಟಿಗೊಂದ್ಸಲ ಬಾಚೋರು ಇರ್ತಾರೆ. ನಿನಗ್ಯಾರಿದಾರೆ?” ಅಂದರು.

ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

2018ರ ಡಿಸೆಂಬರ್. ‘ಕೆಜಿಎಫ್’ ಬಂತು. ರಾಕಿಯ ಆ ಕೂದಲೇನು, ಆ ಗಡ್ಡವೇನು! ಆ ಪಾತ್ರಕ್ಕೆಂದೇ ಯಶ್ ಅದನ್ನು ಬೆಳೆಸಿದ್ದರು. ನನ್ನದೋ ಕೆಂಚುಗೂದಲು, ಅಲ್ಲೊಂದು ಇಲ್ಲೊಂದು ಗಡ್ಡ. ಜಾತ್ರೆಯಲ್ಲಿ ಕೊಂಡ ಕರಿ ಮೆಹಂದಿಯ ಪ್ಯಾಕೆಟ್ ಒಡೆದು ಬಳಿದೆ. ಕಡುಕಪ್ಪಾಯಿತು, ಏನೂ ಆಗಲಿಲ್ಲ. ಎರಡು ತಿಂಗಳ ಮೇಲೆ, ಅಕ್ಕನ ಮದುವೆಗೆ ಎರಡು ದಿನ ಇರುವಾಗ ಮತ್ತೆ ಬಳಿದೆ.

ಮದುವೆ ದಿನ ಬೆಳಗ್ಗೆ ಕಣ್ಣು ತೆರೆಯಲಾಗಲಿಲ್ಲ. ಮುಖ ಕುಂಬಳಕಾಯಿ! ಕೆನ್ನೆಯಲ್ಲಿ ನೀರುಗುಳ್ಳೆ. ವಾಲಗ ಕೇಳುತ್ತಾ ಹಿಂದಿನ ಕೋಣೆಯಲ್ಲಿ ಮಲಗಿದ್ದೆ. ಒಬ್ಬನೇ ತಮ್ಮ ನಾನು. ತಲೆಯ ಮೇಲೆ ಅಕ್ಷತೆ ಇರುವಂತೆಯೇ ಅಕ್ಕ ಒಳಗೆ ಬಂದಳು.

“ನಿನ್ ಕೂದ್ಲನ್ನ ಯಾರ್ ನೋಡ್ತಿದ್ರೋ? ನೀನ್ ನನ್ ಪಕ್ಕ ನಿಂತಿದ್ರೆ ಸಾಕಿತ್ತು” ಅಂದು ಅತ್ತಳು.

ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಶುದ್ಧ ಮೆಹಂದಿ ಕೆಂಪು ಬಣ್ಣ ಕೊಡುತ್ತದೆ. ಬೇಗನೆ ಕಪ್ಪಾದರೆ ಅದರಲ್ಲಿ ಬೇರೆ ಬಣ್ಣ ಬೆರೆತಿದೆ ಅಂತಲೇ ಅರ್ಥ, ಹೆಚ್ಚಾಗಿ ಪಿಪಿಡಿ ಎಂಬ ರಾಸಾಯನಿಕ. ಮೊದಲ ಸಲ ಸುಮ್ಮನಿದ್ದ ಮೈ ಎರಡನೇ ಸಲ ತಿರುಗಿಬೀಳಬಹುದು! ಹೆಸರುಳ್ಳ ಡೈಗಳಲ್ಲೂ ಅದು ಇರುತ್ತದೆ. ಹಾಗಾಗಿ ಪ್ರತಿ ಸಲವೂ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಬೇಕು. ಕೆರೆದರೆ, ಕೆಂಪಾದರೆ ಆ ಡೈ ಮುಟ್ಟಲೇಬಾರದು. ಏನೆಲ್ಲ ಬೆರೆಸಿದ್ದಾರೆಂದು ಅಚ್ಚು ಹಾಕದ ಪ್ಯಾಕೆಟ್ಟನ್ನಂತೂ ಕೊಳ್ಳಲೇಬೇಡಿ.

ಇನ್ನು ಸ್ಟೈಲಿನ ಮಾತು. ಕಟಿಂಗ್ ಶಾಪಿನ ಅಣ್ಣ ಕಲಿಸಿದ್ದನ್ನು ನಿಮಗೂ ಹೇಳುತ್ತೇನೆ. ಜೆಲ್ ಒಣಗಿದರೆ ಗಟ್ಟಿ, ಆಮೇಲೆ ಬಾಚಬಾರದು. ವ್ಯಾಕ್ಸ್ ಗಟ್ಟಿಯಾಗುವುದಿಲ್ಲ, ಬಸ್ಸಿಳಿದು ಮತ್ತೆ ತಿದ್ದಿಕೊಳ್ಳಬಹುದು. ಹೊಳಪು ಬೇಕಾದವರಿಗೆ ಪೊಮೇಡ್. ತೆಳುಗೂದಲಿನವರು ಎಣ್ಣೆ, ಪೊಮೇಡ್ ಜಾಸ್ತಿ ಮೆತ್ತಿದರೆ ಕೂದಲು ಅಂಟಿಕೊಂಡು ಬುರುಡೆ ಕಾಣುತ್ತದೆ. ಅಂಥವರಿಗೆ ಮಿಂಚದ ಕ್ಲೇ ವಾಸಿ. ಗುಂಗುರುಗೂದಲಿಗೆ ಒದ್ದೆ ಇರುವಾಗಲೇ ಸ್ವಲ್ಪ ಕ್ರೀಮು. ಯಾವುದೇ ಆಗಲಿ, ಕಡಲೆಕಾಳಿನಷ್ಟು ತಗೊಂಡು ಅಂಗೈಯಲ್ಲಿ ಉಜ್ಜಿ, ಹಿಂದಿನಿಂದ ಮುಂದಕ್ಕೆ ಬನ್ನಿ. ರಾತ್ರಿ ತೊಳೆದು ಮಲಗಿ, ಇಲ್ಲದಿದ್ದರೆ ಹಣೆ ತುಂಬ ಮೊಡವೆ.

ಹೀರೋನ ಅಭಿಮಾನ ನನಗೆ ಇವತ್ತಿಗೂ ಇದೆ. ಮೊದಲ ದಿನ, ಮೊದಲ ಆಟ ತಪ್ಪಿಸುವುದಿಲ್ಲ. ಆದರೆ ಕನ್ನಡಿ ಮುಂದೆ ನಿಂತಾಗ ಪೋಸ್ಟರ್ ನೆನಪಾಗುವುದಿಲ್ಲ... ಅಕ್ಕನ ಆಲ್ಬಮ್ಮಿನಲ್ಲಿ ಅವಳ ಪಕ್ಕದ ಖಾಲಿ ಜಾಗ ನೆನಪಾಗುತ್ತದೆ.