ಕಾಣದ ಜೀವಿಗಳ ಕಾಯಕ

ಛಂದಸ್ಸು ವ್ಯಾಕರಣಗಳನ್ನು ಪಾಠ ಹೇಳುತ್ತಲೇ ತಲೆ ನರೆಯಿಸಿಕೊಂಡ ನನ್ನಂಥವನು ಸೂಕ್ಷ್ಮಾಣುಜೀವಿಶಾಸ್ತ್ರವನ್ನು ಕುರಿತು ಬರೆಯಹೊರಟುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ಶಿಷ್ಯನೊಬ್ಬನ ಋಣವನ್ನು ಈ ಸ್ಮರಣ ಸಂಚಿಕೆಯಲ್ಲಿ ತೀರಿಸಬೇಕಾಗಿದೆ.

ಬಹು ವರ್ಷಗಳ ಹಿಂದೆ, ನಮ್ಮ ಪ್ರಸಾದನಿಲಯದಲ್ಲಿದ್ದು ಓದಿದ ರೈತನ ಮಗನೊಬ್ಬನು ಕೃಷಿ ಪದವಿಯನ್ನು ಮುಗಿಸಿ ಬಂದು, "ಗುರುಗಳೇ, ಸೂಕ್ಷ್ಮಾಣುಗಳನ್ನು ಅಭ್ಯಸಿಸಿ ಅಧ್ಯಾಪಕನಾಗಬೇಕೆಂದಿದ್ದೇನೆ" ಎಂದನು. "ಕಣ್ಣಿಗೆ ಕಾಣದ್ದನ್ನು ಓದಿ ಹೊಟ್ಟೆ ತುಂಬೀತೇ ತಮ್ಮಾ? ಬೇಗ ಒಂದು ನೌಕರಿ ಹಿಡಿ" ಎಂದೆನು. ಅವನು ನಮಸ್ಕರಿಸಿ ಹೊರಟುಹೋದನು. ಪುಣ್ಯವಶಾತ್ ನನ್ನ ಮಾತನ್ನು ಕೇಳಲಿಲ್ಲ. ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗ, ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಐದು ವರ್ಷಗಳ ಸಂಶೋಧನೆ ಇವೆಲ್ಲವನ್ನೂ ದಾಟಿ ಇಂದು ವಿಶ್ವವಿದ್ಯಾಲಯವೊಂದರಲ್ಲಿ ಪ್ರಾಧ್ಯಾಪಕನಾಗಿದ್ದಾನೆ. ಚರಂಡಿಯ ನೀರು ಹಾಯಿಸಿ ಬೆಳೆದ ಸೊಪ್ಪಿನಲ್ಲಿ ರೋಗಾಣುಗಳು ಹೇಗೆ ಉಳಿಯುತ್ತವೆ ಎಂಬುದು ಅವನ ಸಂಶೋಧನೆಯ ವಿಷಯ.

ಒಮ್ಮೆ ಜಾತ್ರೆಗೆ ಬಂದವನು ರಾತ್ರಿ ದಾಸೋಹದ ಮನೆಯೊಳಗೆ ಹೋದನು. ಉಳಿದ ಅನ್ನವನ್ನು ಕೊಪ್ಪರಿಗೆಯಲ್ಲೇ ಮುಚ್ಚಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವುದು ನಮ್ಮ ರೂಢಿ. ಪ್ರಸಾದವನ್ನು ಚೆಲ್ಲಬಾರದೆಂಬುದು ನಮ್ಮ ನಿಷ್ಠೆ. ಅವನು ಮೆಲ್ಲನೆ ಹೇಳಿದನು: "ಗುರುಗಳೇ, ಬ್ಯಾಸಿಲಸ್ ಸೀರಿಯಸ್ ಎಂಬ ಮಣ್ಣಿನ ಸೂಕ್ಷ್ಮಾಣು ಅಕ್ಕಿಯೊಡನೆ ಬರುತ್ತದೆ. ಅದರ ಬೀಜಕಣಗಳು ಕುದಿನೀರಿನಲ್ಲಿಯೂ ಬದುಕುತ್ತವೆ. ದೊಡ್ಡ ಕೊಪ್ಪರಿಗೆಯ ಅನ್ನ ನಿಧಾನವಾಗಿ ಆರುವಾಗ ಅವು ಮೊಳೆತು ಬೆಳೆಯುತ್ತವೆ. ಅವು ಬಿಡುವ, ವಾಂತಿ ತರುವ ವಿಷವನ್ನು ಬೆಳಗಿನ ಒಗ್ಗರಣೆ ಕಳೆಯಲಾರದು."

ನನಗೆ ನಂಬುಗೆಯಾಗಲಿಲ್ಲ. ಆಗ ಅವನು ನನ್ನ ಶಾಸ್ತ್ರದಿಂದಲೇ ನನಗೆ ತಿಳಿಸಿದನು. ಅನುಕೂಲ ಒದಗಿದರೆ ಇಂಥ ಜೀವಿ ಸುಮಾರು 20 ನಿಮಿಷಗಳಿಗೊಮ್ಮೆ ಇಮ್ಮಡಿಸಬಲ್ಲದು. 7 ಗಂಟೆಗಳಲ್ಲಿ 21 ಸಲ. ಪಾದಕ್ಕೆ 21 ಅಕ್ಷರಗಳುಳ್ಳ ಛಂದಸ್ಸನ್ನು ಪ್ರಸ್ತಾರ ಮಾಡಿದರೆ ಎಷ್ಟು ವೃತ್ತಗಳೆಂದು ಬಲ್ಲೆನಷ್ಟೆ: 20,97,152. ಅವನಿಗೆ ತರಗತಿಯಲ್ಲಿ ನಾನೇ ಕಲಿಸಿದ ಲೆಕ್ಕವದು! ಒಂದು ಇರುಳಿನ ಉದಾಸೀನ ಎಷ್ಟು ಮಕ್ಕಳನ್ನು ಮಲಗಿಸೀತೆಂದು ನೆನೆದು ಮೈ ನಡುಗಿತು.

ಪೂಜ್ಯ ಶ್ರೀಗಳ ಅಪ್ಪಣೆಯಂತೆ ಈಗ ಜನರ ಎಣಿಕೆ ನೋಡಿ ತಂಡತಂಡವಾಗಿ ಅಡಿಗೆಯಾಗುತ್ತದೆ. ಅನ್ನ ಇರುಳು ತಂಗುವುದಿಲ್ಲ. ಅಳಿದುಳಿದದ್ದು ಗೋಬರ್ ಗ್ಯಾಸಿನ ತೊಟ್ಟಿಗೆ ಸೇರುತ್ತದೆ. ಅಲ್ಲಿ ಗಾಳಿಯಿಲ್ಲದೆ ಬದುಕುವ ಬೇರೆ ಸೂಕ್ಷ್ಮಾಣುಗಳು ಅದನ್ನು ಮೀಥೇನ್ ಅನಿಲವಾಗಿಸಿ ಒಲೆಗೆ ಉರಿಯನ್ನೂ, ಹೊಲಕ್ಕೆ ಗೊಬ್ಬರವನ್ನೂ ಕೊಡುತ್ತವೆ. ನಿಷ್ಠೆಯೂ ಉಳಿಯಿತು, ಮಕ್ಕಳೂ ಸುರಕ್ಷಿತರಾದರು.

ವೈದ್ಯ, ಇಂಜಿನಿಯರ್ ಎಂಬ ಎರಡೇ ಹಾದಿಗಳನ್ನು ಬಲ್ಲ ತಂದೆತಾಯಿಗಳಲ್ಲಿ ನನ್ನದೊಂದು ಅರಿಕೆ. ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವಿದೆ. ಬೆಂಗಳೂರು, ಧಾರವಾಡಗಳ ಕೃಷಿ ವಿಶ್ವವಿದ್ಯಾಲಯಗಳಿವೆ. ಈ ಹಾದಿ ದೀರ್ಘವಾದುದು. ಅಧ್ಯಾಪಕ ಹುದ್ದೆಗಳೂ ಹೇರಳವಾಗಿಲ್ಲ. ಇದನ್ನು ಮರೆಮಾಚಲಾರೆ. ಆದರೂ ಒಲವುಳ್ಳ ಮಗುವನ್ನು ನನ್ನಂತೆ ತಡೆಯಬೇಡಿರಿ. ದಾನಿಗಳು ನಮ್ಮ ಶಾಲೆಗೆ ಉತ್ತಮವಾದ ಕೆಲವು ಸೂಕ್ಷ್ಮದರ್ಶಕಗಳನ್ನು ಒದಗಿಸಿದರೆ ಅದೂ ಅನ್ನದಾನವೇ.

ಅಂದು ಆಡಿದ ಮಾತನ್ನು ನಾನು ಇಲ್ಲಿ ಹಿಂತೆಗೆದುಕೊಂಡಿದ್ದೇನೆ.