ಬಾಕಿ ಉಳಿದ ಆಟಗಳು

ನಮ್ಮ ಮಗಳು ತನ್ನ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಮ್ಮ ಬಾಕಿ ಲೆಕ್ಕ ಬರೆದಿಟ್ಟಿದ್ದಾಳೆ. ಸಾಲದ ಲೆಕ್ಕವಲ್ಲ, ವಿಡಿಯೋ ಗೇಮ್‌ಗಳ ಲೆಕ್ಕ. ಒಟ್ಟು 74 ಆಟಗಳು. ಆಡಿ ಮುಗಿಸಿದ್ದು 9, ಅರ್ಧಕ್ಕೆ ಬಿಟ್ಟದ್ದು 16. ಮಿಕ್ಕ 49 ಆಟಗಳನ್ನು ದುಡ್ಡು ಕೊಟ್ಟು ತಂದವರು ಒಮ್ಮೆಯೂ ತೆರೆದು ನೋಡಿಲ್ಲ. ತಮ್ಮನ ಕಪಾಟಿನಿಂದ ಎರವಲು ಪಡೆದು ಆಡಿದ್ದು ಇದರಲ್ಲಿ ಸೇರಿಲ್ಲ. ಅದರ ಕಥೆ ಬೇರೆ, ಮುಂದೆ ಹೇಳುತ್ತೇವೆ.

ಕಥೆ ಬರೆಯುವವರು, ನಲವತ್ತು ದಾಟಿದವರು, ಎರಡು ಮಕ್ಕಳ ತಂದೆ ವಿಡಿಯೋ ಗೇಮ್ ಆಡುತ್ತಾರೆಂದರೆ ಓದುಗರಲ್ಲಿ ಕೆಲವರಿಗೆ ನಗು ಬರಬಹುದು, ಕೆಲವರಿಗೆ ಬೇಸರವಾಗಬಹುದು. ಮೊಹಲ್ಲಾದ ಹಿರಿಯರೊಬ್ಬರು ಒಂದು ದಿನ ಮಸೀದಿಯ ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸಿ, "ಸರಕಾರವೇ ಗೇಮ್ ಬಂದ್ ಮಾಡಿದೆಯಂತಲ್ಲ, ನೀವಿನ್ನೂ ಬಿಟ್ಟಿಲ್ಲವೇ?" ಎಂದು ಕೇಳಿದರು. 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು. ರಮ್ಮಿಗೂ ನಾವಾಡುವುದಕ್ಕೂ ಸಂಬಂಧವಿಲ್ಲವೆಂದು ಹೇಳಿದೆವು. ಅವರು ನಂಬಿದಂತೆ ಕಾಣಲಿಲ್ಲ. ಅಂದು ಅಸ್ರ್ ನಮಾಝಿನ ಹೊತ್ತು. ಕಾಲದ ಕುರಿತಾದ ಆ ಮೂರೇ ಆಯತ್‌ಗಳ ಸೂರಃ ಮನಸ್ಸಿನಲ್ಲಿ ಸುಳಿದುಹೋದದ್ದು ನಿಜ. ಜೂಜಲ್ಲ ಎಂದು ವಾದಿಸಬಹುದು, ಹೊತ್ತು ಹಾಳಾಗುವುದಿಲ್ಲ ಎಂದು ವಾದಿಸುವುದು ಕಷ್ಟ.

'ನಾವು' ಎಂದು ಬರೆಯುತ್ತಿರುವುದು ದೊಡ್ಡಸ್ತಿಕೆಗಲ್ಲ. ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದೆವು, ಆಮೇಲೆ ಕನ್ನಡ. ಉರ್ದು ಶಾಲೆಯ ಉಸ್ತಾದರು ತಮ್ಮೊಬ್ಬರನ್ನೇ 'ಹಮ್' ಎಂದುಕೊಳ್ಳುತ್ತಿದ್ದರು. ಆ ರೂಢಿ ನಮಗೂ ಅಂಟಿಕೊಂಡಿತು. ಅಲ್ಲದೆ ಆಟದ ವಿಷಯದಲ್ಲಿ ನಾವು ಎಂದರೆ ಮೊದಲಿನಿಂದಲೂ ಒಬ್ಬರಲ್ಲ, ಇಬ್ಬರು. ನಾವು ಮತ್ತು ನಮಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ.

ನಮ್ಮದು ಚನ್ನಪಟ್ಟಣದ ಆಟಿಕೆ ಮಾಡುವ ಮನೆ. ಅಬ್ಬಾ ಹಿತ್ತಿಲ ಶೆಡ್ಡಿನಲ್ಲಿ ದಿನವಿಡೀ ಆಲೆ ಮರದ ತುಂಡುಗಳನ್ನು ಕಡೆದು, ತಿರುಗುವ ಮರಕ್ಕೆ ಅರಗಿನ ಬಣ್ಣ ಒತ್ತುತ್ತಿದ್ದರು. ಗಿಲಕಿ, ಬುಗುರಿ, ಪುಟ್ಟ ಪುಟ್ಟ ಗಾಡಿ. ಊರ ಮಕ್ಕಳಿಗೆಲ್ಲ ಆಟಿಕೆ ಮಾಡಿಕೊಟ್ಟ ಅವರಿಗೆ ಸ್ವಂತ ಮಕ್ಕಳು ಆಡುತ್ತ ಕೂರುವುದು ಕಂಡರೆ ಆಗುತ್ತಿರಲಿಲ್ಲ. ಹೀಗಿರುವಾಗ 1993ರಲ್ಲಿ ಸೌದಿಯಿಂದ ಬಂದ ಮಾಮು ಒಂದು ವಿಡಿಯೋ ಗೇಮ್ ತಂದರು. ಜಪಾನಿನ ನಿಂಟೆಂಡೊ 1983ರಲ್ಲಿ ಹೊರತಂದ ಯಂತ್ರದ ಅಗ್ಗದ ನಕಲು ಅದೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಟದ ಡಬ್ಬಿಗೆ ನಾವೆಲ್ಲ ಕ್ಯಾಸೆಟ್ ಎನ್ನುತ್ತಿದ್ದೆವು. ಓಡದಿದ್ದರೆ ತೆಗೆದು ಬಾಯಿಂದ ಉಫ್ ಎಂದು ಊದಿ ಮತ್ತೆ ಸಿಕ್ಕಿಸುವುದು.

ಮಾರಿಯೋ ಆಟದಲ್ಲಿ ಒಬ್ಬರು ಸಾಯುವ ತನಕ ಇನ್ನೊಬ್ಬರು ಕಾಯಬೇಕು. ತಮ್ಮ ಕಾದು ಕಾದು ಅಳುತ್ತಿದ್ದ. ಅದಕ್ಕೇ ನಮಗೆ ಕಾಂಟ್ರಾ ಇಷ್ಟವಾದದ್ದು. ಇಬ್ಬರೂ ಒಟ್ಟಿಗೆ ಓಡಬಹುದು, ಒಟ್ಟಿಗೆ ಗುಂಡು ಹಾರಿಸಬಹುದು. ಎಂಟು ಹಂತಗಳು. ಆಡಿದಷ್ಟನ್ನು ಉಳಿಸಿಕೊಳ್ಳುವ ವ್ಯವಸ್ಥೆ ಅದರಲ್ಲಿರಲಿಲ್ಲ. ಆರನೇ ಹಂತದಲ್ಲಿದ್ದಾಗ ಕರೆಂಟ್ ಹೋದರೆ ಮತ್ತೆ ಮೊದಲ ಹಂತದ ಕಾಡಿನಿಂದಲೇ ಶುರು. ಮೂರನೆಯ ಹಂತದಲ್ಲಿ ಒಂದು ಜಲಪಾತ. ಬಂಡೆಯಿಂದ ಬಂಡೆಗೆ ಹಾರುತ್ತ ಮೇಲೇರಬೇಕು. ಮುಂದಿದ್ದವನು ಏರಿದಂತೆ ಪರದೆಯೂ ಮೇಲಕ್ಕೆ ಸರಿಯುತ್ತದೆ. ಹಿಂದುಳಿದವನು ಪರದೆಯ ಕೆಳಗೆ ಮರೆಯಾಗಿ ಸತ್ತೇ ಹೋಗುತ್ತಾನೆ. ಶತ್ರುಗಳ ಗುಂಡಿಗಿಂತ ನಮ್ಮ ಅವಸರಕ್ಕೇ ತಮ್ಮ ಹೆಚ್ಚು ಸಲ ಸತ್ತಿದ್ದಾನೆ. "ಭಾಯಿ, ನಿಲ್ಲಿ, ನಿಲ್ಲಿ" ಎಂದು ಕೂಗುತ್ತಿದ್ದ. ನಿಲ್ಲುತ್ತಿರಲಿಲ್ಲ ನಾವು.

ತಮ್ಮ ಬೆಳೆದು ಜುಬೈಲ್‌ಗೆ ಕೆಲಸಕ್ಕೆ ಹೋದ. ನಾವು ಇಲ್ಲೇ ಉಳಿದು ಅದೂ ಇದೂ ಮಾಡುತ್ತ ಕಥೆ ಬರೆದೆವು, ಮದುವೆಯಾದೆವು. 2016ರ ರಜೆಗೆ ಬಂದಾಗ ಅವನು ಬಟ್ಟೆಗಳ ನಡುವೆ ಸುತ್ತಿ ಒಂದು ಗ್ರಾಫಿಕ್ಸ್ ಕಾರ್ಡ್ ತಂದ. ನಮ್ಮ ಕಂಪ್ಯೂಟರಿಗೆ ತಾನೇ ಹಾಕಿ, ಸ್ಟೀಮ್ ಎಂಬ ಅಂಗಡಿಯಲ್ಲಿ ಖಾತೆ ತೆರೆದುಕೊಟ್ಟ. ಅದಕ್ಕೆ ಹಿಂದಿನ ವರ್ಷವಷ್ಟೇ ಆ ಅಂಗಡಿ ರೂಪಾಯಿ ಲೆಕ್ಕದಲ್ಲಿ ಮಾರಲು ಶುರು ಮಾಡಿತ್ತು. ನಮ್ಮ ಕೇಡುಗಾಲ ಅಲ್ಲಿಂದ. ಬೇಸಿಗೆಯ ರಿಯಾಯಿತಿ, ಚಳಿಗಾಲದ ರಿಯಾಯಿತಿ, ನೂರಕ್ಕೆ ಎಪ್ಪತ್ತೈದು ಕಡಿತ. ಸೀರೆ ಅಂಗಡಿಯ ಆಷಾಢದ ಬೋರ್ಡು ಕಂಡವರ ಸ್ಥಿತಿ ನಮ್ಮದು. "ಫೀಸು ಕಟ್ಟುವ ತಿಂಗಳಲ್ಲೇ ನಿಮಗೆ ಇದೂ ಬೇಕಿತ್ತಾ?" ಎಂದು ಬೇಗಂ ಕೇಳಿದ್ದುಂಟು. ಒಂದು ಬಿರಿಯಾನಿಯ ಬೆಲೆ ಅಷ್ಟೇ ಎಂದೆವು. ಎಷ್ಟು ಬಿರಿಯಾನಿ ಎಂದು ಆಕೆ ಕೇಳಲಿಲ್ಲ, ಪುಣ್ಯ.

ಉರ್ದುವಿನ 'ದಾಸ್ತಾನೆ ಅಮೀರ್ ಹಮ್ಝಾ' ಓದಿದವರಿಗೆ ಅಮ್ರ್ ಅಯ್ಯಾರ್‌ನ ಝಂಬೀಲ್ ಗೊತ್ತಿರುತ್ತದೆ. ಎಷ್ಟು ತುಂಬಿದರೂ ತುಂಬದ ಚೀಲ. ಲಕ್ನೋದ ನವಲ್ ಕಿಶೋರ್ ಪ್ರೆಸ್ ಆ ದಾಸ್ತಾನನ್ನು 46 ಸಂಪುಟಗಳಲ್ಲಿ ಅಚ್ಚು ಹಾಕಿತು. ಅದರ ಬಾಕಿಯೂ ನಮ್ಮಲ್ಲಿದೆ: ಎರಡು ಸಂಪುಟ ಓದಿ ನಿಲ್ಲಿಸಿದ್ದೇವೆ. ಒಂದು ತಿಲಿಸ್ಮ್ ಒಡೆದು ಹೊರಬಂದರೆ ಮುಂದೆ ಇನ್ನೊಂದು ತಿಲಿಸ್ಮ್. ಪ್ರತಿಯೊಂದಕ್ಕೂ ಒಂದು ಫಲಕ, ಅದು ಕೈಗೆ ಸಿಗದೆ ಬಿಡುಗಡೆಯಿಲ್ಲ. ಈಗಿನ ಆಟಗಳು ಬಂದದ್ದು ಜಪಾನಿನಿಂದಲೋ ಅಮೆರಿಕದಿಂದಲೋ ಇರಬಹುದು, ಅವುಗಳ ಕಟ್ಟೋಣ ಮಾತ್ರ ನಮಗೆ ಹೊಸದೆನಿಸಲೇ ಇಲ್ಲ.

ಆಡಲು ಹೊತ್ತು ಯಾವಾಗ? ಇಶಾ ಮುಗಿದು, ಊಟವಾಗಿ, ಮಗನ ಮಗ್ಗಿ ಒಪ್ಪಿಸಿಕೊಂಡು, ನಾಳೆಯ ಯೂನಿಫಾರ್ಮ್ ಇಸ್ತ್ರಿಯಾದ ಮೇಲೆ ಸಿಗುವ ಅರ್ಧ ಗಂಟೆ. ಅದೂ ವಾರಕ್ಕೆ ಮೂರು ದಿನ ಸಿಕ್ಕರೆ ಹೆಚ್ಚು. 2015ರಲ್ಲಿ ಬಂದ 'ವಿಚರ್ 3' ಆಟದ ಮುಖ್ಯ ಕಥೆಯೊಂದಕ್ಕೇ ಸುಮಾರು 50 ಗಂಟೆ ಬೇಕು. ನಮ್ಮ ವೇಗದಲ್ಲಿ 33 ವಾರ. ನಡುವೆ ಪರೀಕ್ಷೆ ಬರುತ್ತದೆ, ಯಾರದೋ ನಿಕಾಹ್ ಬರುತ್ತದೆ, ಅಮ್ಮಿಗೆ ಮಂಡಿನೋವು ಹೆಚ್ಚಾಗುತ್ತದೆ. ಮೂರು ವಾರ ಬಿಟ್ಟು ಮರಳಿ ಬಂದಾಗ ಕುದುರೆ ಕರೆಯುವ ಗುಂಡಿ ಯಾವುದು, ನಾವು ಯಾರನ್ನು ಹುಡುಕುತ್ತಿದ್ದೆವು, ಒಂದೂ ನೆನಪಿರುವುದಿಲ್ಲ. ಹಾಗಾಗಿ ಅದನ್ನು ಮೂರು ಸಲ ಮೊದಲಿನಿಂದ ಶುರು ಮಾಡಿದ್ದೇವೆ. ಆ ಮೊದಲ ಹಳ್ಳಿ ಈಗ ನಮ್ಮ ಮೊಹಲ್ಲಾದಷ್ಟೇ ಪರಿಚಿತ. ಅಲ್ಲಿಂದಾಚೆಗೆ ಏನಿದೆಯೋ ಅಲ್ಲಾಹನೇ ಬಲ್ಲ.

ಸಂಸಾರಸ್ಥ ಮನುಷ್ಯ ಆಟ ಆರಿಸುವಾಗ ನೋಡಬೇಕಾದದ್ದು ಚಿತ್ರವನ್ನಲ್ಲ, ಕಥೆಯನ್ನಲ್ಲ. ನಡುವೆ ಎದ್ದು ಹೋಗಲು ಬಿಡುತ್ತದೆಯೋ ಇಲ್ಲವೋ, ಅದನ್ನು. 'ಡಾರ್ಕ್ ಸೋಲ್ಸ್'ನಲ್ಲಿ ನಿಲ್ಲಿಸುವ ಗುಂಡಿಯೇ ಇಲ್ಲ. ಗ್ಯಾಸಿನವನು ಬಾಗಿಲು ಬಡಿದು, ತೆರೆದು, ದುಡ್ಡು ಕೊಟ್ಟು ಬರುವಷ್ಟರಲ್ಲಿ ನಮ್ಮ ಹೆಣ ಬಿದ್ದಿರುತ್ತದೆ. 'ಸ್ಟಾರ್ಡ್ಯೂ ವ್ಯಾಲಿ' ಸೌಮ್ಯವಾದ ಬೇಸಾಯದ ಆಟ, ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ ಕೂತು ಮಾಡಿದ್ದು. ಆದರೆ ಅದರಲ್ಲಿ ದಿನ ಮುಗಿದು ರೈತ ಮಲಗಿದರಷ್ಟೇ ಲೆಕ್ಕ ಉಳಿಯುತ್ತದೆ. ಮಗನಿಗೆ ಜ್ವರ ಬಂದ ರಾತ್ರಿ, ಇವನೊಬ್ಬ ಮಲಗಿಬಿಡಲಿ ಎಂದು ಎರಡು ನಿಮಿಷ ಹೆಚ್ಚು ಕೂತಿದ್ದೆವು. ಬೇಗಂ ಬಂದು ಬಾಗಿಲಲ್ಲಿ ನಿಂತದ್ದು ಗೊತ್ತಾಗಲಿಲ್ಲ. ಆಕೆ ಏನೂ ಅನ್ನಲಿಲ್ಲ. ಒದ್ದೆ ಬಟ್ಟೆಯ ಬಟ್ಟಲು ನಮ್ಮ ಕೈಗೆ ಕೊಟ್ಟು ಹೋದಳು. ಆ ಆಟವನ್ನು ಮತ್ತೆ ತೆರೆದಿಲ್ಲ.

ಮುಗಿಸಿದ ಒಂಬತ್ತರಲ್ಲಿ ಒಂದನ್ನು ಮಾತ್ರ ಬೇಗಂ ಪಕ್ಕದಲ್ಲಿ ಕೂತು ಮುಗಿಸಿದ್ದಾಳೆ. 2023ರಲ್ಲಿ ಬಂದ 'ವೆಣ್ಬಾ'. ಕೆನಡಾಕ್ಕೆ ಹೋದ ತಮಿಳು ತಾಯಿಯೊಬ್ಬಳು ತನ್ನಮ್ಮನ ಹರಿದ ಅಡುಗೆ ಪುಸ್ತಕ ನೋಡಿ ಅಡುಗೆ ಮಾಡುವ ಆಟ. ಅಕ್ಷರ ಅಳಿಸಿಹೋದಲ್ಲಿ ನಾವು ಊಹಿಸಬೇಕು. ಇಡ್ಲಿ ಪಾತ್ರೆಯ ಮುಂದೆ ನಾವು ತಿಣುಕಾಡುತ್ತಿದ್ದರೆ, ಆಕೆ ನಕ್ಕು, "ಮೂವತ್ತು ವರ್ಷದಿಂದ ಇಡ್ಲಿ ತಿಂದಿದ್ದೀರಿ, ತಟ್ಟೆ ಜೋಡಿಸೋದು ನೋಡಿಲ್ವಾ?" ಎಂದಳು. ಎರಡೇ ರಾತ್ರಿಯಲ್ಲಿ ಮುಗಿಯಿತು.

ಇನ್ನು ಎರವಲಿನ ಕಥೆ. ಆ ಅಂಗಡಿಯಲ್ಲಿ ಆಗ ಒಂದು ವ್ಯವಸ್ಥೆ ಇತ್ತು. ಒಬ್ಬರು ತಮ್ಮ ಆಟಗಳ ಕಪಾಟನ್ನು ಮನೆಯವರ ಕಂಪ್ಯೂಟರಿಗೆ ಎರವಲು ಕೊಡಬಹುದು. ತಮ್ಮ ರಜೆ ಮುಗಿಸಿ ಹೊರಡುವ ಮುನ್ನ ತನ್ನ ಕಪಾಟನ್ನು ನಮಗೆ ತೆರೆದಿಟ್ಟು ಹೋಗಿದ್ದ. ನಿಯಮ ಒಂದೇ: ಮಾಲೀಕ ಯಾವುದೇ ಆಟ ಶುರು ಮಾಡಿದರೂ ಎರವಲು ಪಡೆದವರು ಏಳಬೇಕು. ಪರದೆಯ ಮೇಲೆ ಸೂಚನೆ ಬರುತ್ತದೆ, ಕೆಲವೇ ನಿಮಿಷಗಳ ಅವಕಾಶ. ಅಲ್ಲಿ ಎಂಟೂವರೆ ಎಂದರೆ ನಮ್ಮಲ್ಲಿ ಹನ್ನೊಂದು. ತಮ್ಮ ಶಿಫ್ಟ್ ಮುಗಿಸಿ ಬಂದು ಕೂತರೆ ಇಲ್ಲಿ ನಾವು ಏಳುತ್ತಿದ್ದೆವು. ಫೋನಿನಲ್ಲಿ ಬೈದುಕೊಂಡು ನಗುತ್ತಿದ್ದೆವು.

2020ರಲ್ಲಿ ಅಬ್ಬಾ ತೀರಿಕೊಂಡರು. ಮರುವರ್ಷ ಶೆಡ್ಡಿನ ಮಾತು ಬಂತು. ಪಾಲಿನ ಲೆಕ್ಕದಲ್ಲಿ ತಕರಾರಿರಲಿಲ್ಲ, ಶರೀಅತ್‌ನಲ್ಲಿ ಅದು ಸ್ಪಷ್ಟವಾಗಿಯೇ ಇದೆ. ಮಾರೋಣ, ಅಲ್ಲಿ ಯಾರೂ ಮರ ಕಡೆಯುವವರಿಲ್ಲ ಎಂಬುದು ಅವನ ಮಾತು. ಅಬ್ಬಾ ಕೂತ ಜಾಗ, ಇರಲಿ ಎಂಬುದು ನಮ್ಮದು. ಈ ಮನೆಯ ಛಾವಣಿಗೆ ದುಡ್ಡು ಕಳಿಸಿದವನು ತಾನು ಎಂದು ಅವನು ಅಂದ. ಆಡಬಾರದ ಒಂದು ಮಾತನ್ನು ನಾವು ಆಡಿದೆವು. ಅದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಎರಡು ವರ್ಷ ಈದ್‌ಗೊಂದು ಮುಬಾರಕ್ ಬಿಟ್ಟರೆ ಮಾತಿಲ್ಲ.

ಆದರೆ ಕಪಾಟನ್ನು ಅವನು ಮುಚ್ಚಲಿಲ್ಲ. ಮರೆತಿದ್ದನೋ, ಬೇಕೆಂದೇ ಬಿಟ್ಟಿದ್ದನೋ ನಾವು ಕೇಳಿಲ್ಲ. ರಾತ್ರಿ ಹನ್ನೊಂದಕ್ಕೆ ಆಡುತ್ತ ಕೂತಾಗ ಆ ಸೂಚನೆ ಬರುತ್ತಿತ್ತು: ಮಾಲೀಕರು ಆಡಬೇಕೆಂದಿದ್ದಾರೆ. ಸರಿ, ಶಿಫ್ಟ್ ಮುಗಿದಿದೆ, ಊಟವಾಗಿದೆ, ಮೈ ಹುಷಾರಾಗಿದೆ. ವಾರಗಟ್ಟಲೆ ಬಾರದಿದ್ದರೆ ನಿದ್ದೆ ಬರುತ್ತಿರಲಿಲ್ಲ. ನಮ್ಮ ಸ್ವಂತ ಆಟಗಳು ಐವತ್ತಿದ್ದರೂ ಅವನದನ್ನೇ ತೆರೆದು ಕೂರುತ್ತಿದ್ದುದಕ್ಕೆ ಕಾರಣ ಅದೇ. ಬಾಕಿ ಬೆಳೆದದ್ದೂ ಹಾಗೆಯೇ. ಬೇಗಂಗೆ ಇದು ತಿಳಿದಿತ್ತು ಎಂದು ಈಗ ಅನಿಸುತ್ತದೆ.

ಅವನ ಕಪಾಟಿನಲ್ಲಿ 'ಬ್ರದರ್ಸ್' ಎಂಬ ಆಟವಿತ್ತು. 2013ರದ್ದು, ಮಾಡಿದವರು ಜೋಸೆಫ್ ಫಾರೆಸ್. ಬೈರೂತ್‌ನಲ್ಲಿ ಹುಟ್ಟಿ, ಅಂತರ್ಯುದ್ಧದ ಕಾಲದಲ್ಲಿ ಸ್ವೀಡನ್‌ಗೆ ಹೋಗಿ ಸಿನಿಮಾ ನಿರ್ದೇಶಕರಾದವರು. ಖಾಯಿಲೆ ಬಿದ್ದ ತಂದೆಗೆ ಔಷಧ ತರಲು ಅಣ್ಣತಮ್ಮಂದಿರು ಹೊರಡುತ್ತಾರೆ. ಅವರ ಭಾಷೆ ಯಾವ ದೇಶದ್ದೂ ಅಲ್ಲ, ಆದರೂ ಎಲ್ಲ ಅರ್ಥವಾಗುತ್ತದೆ. ವಿಶೇಷವೆಂದರೆ ಇಬ್ಬರನ್ನೂ ಒಬ್ಬರೇ ಆಡಿಸಬೇಕು. ಕಂಟ್ರೋಲರ್‌ನ ಎಡಗಡೆ ಅಣ್ಣ, ಬಲಗಡೆ ತಮ್ಮ. ತಾಯಿ ನೀರಿನಲ್ಲಿ ಮುಳುಗಿ ಸತ್ತದ್ದರಿಂದ ತಮ್ಮನಿಗೆ ನೀರೆಂದರೆ ಭಯ. ನದಿ ಬಂದರೆ ಅಣ್ಣನ ಬೆನ್ನು ಹಿಡಿದು ದಾಟುತ್ತಾನೆ. ಮೂರು ಗಂಟೆಯ ಆಟ. 2016ರಲ್ಲೇ "ಭಾಯಿ, ಇದನ್ನು ಆಡಲೇಬೇಕು" ಎಂದಿದ್ದ. ಏಳು ವರ್ಷ ಮುಟ್ಟಿರಲಿಲ್ಲ.

2023ರ ರಮಝಾನ್‌ನಲ್ಲಿ, ತರಾವೀಹ್ ಮುಗಿಸಿ ಸಹ್ರಿಯವರೆಗೆ ನಿದ್ದೆ ಬಾರದ ರಾತ್ರಿಗಳಲ್ಲಿ ಅದನ್ನು ತೆರೆದೆವು. ಮಗಳೂ ಎಚ್ಚರವಿದ್ದು ಪಕ್ಕದಲ್ಲಿ ಕೂರುತ್ತಿದ್ದಳು. ಮುಂದಿನದನ್ನು ಹೇಳದೆ ವಿಧಿಯಿಲ್ಲ, ಆಡುವ ಮನಸ್ಸಿದ್ದವರು ಕ್ಷಮಿಸಬೇಕು. ದಾರಿಯಲ್ಲಿ ಅಣ್ಣ ಸಾಯುತ್ತಾನೆ. ತಮ್ಮನೇ ಮಣ್ಣು ಮಾಡುತ್ತಾನೆ. ಔಷಧ ಹಿಡಿದು ಒಬ್ಬನೇ ಮರಳುವಾಗ ಎದುರಿಗೆ ನದಿ. ಬಲಗಡೆಯ ಗುಂಡಿ ಎಷ್ಟು ಒತ್ತಿದರೂ ಹುಡುಗ ನೀರಿಗಿಳಿಯಲೊಲ್ಲ. ಎಡಗೈ ಸುಮ್ಮನೆ ಇತ್ತು. ಅದಕ್ಕಿನ್ನೇನು ಕೆಲಸ?

ರಾತ್ರಿ ಎರಡೂವರೆ. ಅಷ್ಟರಲ್ಲಿ ಸೂಚನೆ ಬಂತು. ಮಾಲೀಕರು ಆಡಬೇಕೆಂದಿದ್ದಾರೆ.

ಫೋನ್ ತೆಗೆದು ನೋಡಿದರೆ ನಮ್ಮಿಬ್ಬರ ಕೊನೆಯ ಮಾತು ಹಿಂದಿನ ಈದ್‌ನದು. ಅದರ ಕೆಳಗೆ ಬರೆದೆವು: "ಹತ್ತು ನಿಮಿಷ ಕೊಡು. ನದಿ ಹತ್ತಿರ ಇದ್ದೀವಿ."

ತುಸು ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂತು: "ಬಲಗೈಲಿ ಆಗಲ್ಲ ಭಾಯಿ. ಅಣ್ಣನ ಗುಂಡಿ ಒತ್ತಿ."

ಒತ್ತಿದೆವು. ಹುಡುಗ ನೀರಿಗಿಳಿದ. ಸೂಚನೆ ಮತ್ತೆ ಬರಲಿಲ್ಲ. ಮಗಳು ನಮ್ಮ ಮುಖ ನೋಡದೆ ಎದ್ದು ಅಡುಗೆಮನೆಗೆ ಹೋಗಿ ಅಮ್ಮನೊಡನೆ ರೊಟ್ಟಿ ಬೇಯಿಸತೊಡಗಿದಳು.

ಈದ್ ದಿನ ಅವನೇ ಫೋನ್ ಮಾಡಿದ. ಶೆಡ್ಡಿನ ವಿಷಯ ಇಬ್ಬರೂ ಎತ್ತಲಿಲ್ಲ. ಅದು ಇವತ್ತಿಗೂ ಬಾಕಿಯೇ. ಅಬ್ಬಾನ ಉಳಿಗಳು ಗೋಡೆಯ ಮೇಲೆ ಹಾಗೇ ಇವೆ, ಸುಣ್ಣ ಉದುರುತ್ತಿದೆ. 2024ರಲ್ಲಿ ಆ ಅಂಗಡಿಯವರು ಎರವಲಿನ ಹಳೆಯ ವ್ಯವಸ್ಥೆ ಬದಲಿಸಿದರು. ಹೊಸ ನಿಯಮದಲ್ಲಿ ಒಂದೇ ಮನೆಯಲ್ಲಿರುವವರು ಮಾತ್ರ ಹಂಚಿಕೊಳ್ಳಬೇಕಂತೆ. ಜುಬೈಲ್ ಮತ್ತು ಚನ್ನಪಟ್ಟಣ ಒಂದೇ ಮನೆಯೋ ಅಲ್ಲವೋ, ನಾವು ವಾದಿಸಲು ಹೋಗಲಿಲ್ಲ.

ಅದೇ ವರ್ಷ 'ಬ್ರದರ್ಸ್' ಹೊಸ ರೂಪದಲ್ಲಿ ಬಂತು. ಅದರಲ್ಲಿ ಬೇಕಿದ್ದರೆ ಇಬ್ಬರು ಕೂತು ಆಡಬಹುದು, ಒಬ್ಬರಿಗೆ ಅಣ್ಣ, ಒಬ್ಬರಿಗೆ ತಮ್ಮ. ಮಗಳ ಪಟ್ಟಿಯಲ್ಲಿ ಅದು 74ನೆಯದು. ತಮ್ಮ ಈ ಸಲದ ಬಕ್ರೀದ್‌ಗೆ ರಜೆ ಹಾಕಿದ್ದೇನೆ ಎಂದಿದ್ದಾನೆ. ಎರಡನೆಯ ಕಂಟ್ರೋಲರ್ ಹಳೆಯದು, ಮಗ ಎಸೆದಾಡಿ ಅದರ ಕಡ್ಡಿ ಸಡಿಲವಾಗಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ರಿಪೇರಿಗೆ ಕೊಟ್ಟು ಬಂದಿದ್ದೇವೆ. ಮುಂದಿನ ವಾರ ಬನ್ನಿ ಎಂದಿದ್ದಾರೆ.