ಪಾಸ್‌ಪೋರ್ಟ್ ಕೇಳದ ಹಾಡು

ಹಿಂದಿ ಚಿತ್ರಗೀತೆ ಕೇಳುತ್ತ ಬೆಳೆದ ನಮ್ಮ ತಲೆಮಾರಿಗೆ ಹೆಣ್ಣುದನಿಯೆಂದರೆ ಲತಾ, ಇಲ್ಲವೇ ಆಶಾ. 1980ರಲ್ಲಿ 'ಕುರ್ಬಾನಿ' ಬಂದಾಗ ಆ ಲೆಕ್ಕ ತಪ್ಪಿತು. 'ಆಪ್ ಜೈಸಾ ಕೋಯಿ' ಹಾಡಿದ ದನಿಯಲ್ಲಿ ಪಳಗಿದ ಗಾಯಕಿಯ ಕಸುಬುದಾರಿಕೆ ಇರಲಿಲ್ಲ. ತುಸು ಮೂಗಿನಿಂದ ಬರುವ, ಶಾಲೆಗೆ ಹೋಗುವ ಹುಡುಗಿಯ ದನಿ ಅದು. ನಿಜಕ್ಕೂ ನಾಝಿಯಾ ಹಸನ್‌ಗೆ ಆಗ ಹದಿನೈದು ವರ್ಷ. ಹುಟ್ಟಿದ್ದು ಕರಾಚಿಯಲ್ಲಿ, 1965ರ ಎಪ್ರಿಲ್ 3ರಂದು. ಬೆಳೆದದ್ದು ಅಲ್ಲಿ ಮತ್ತು ಲಂಡನ್ನಿನಲ್ಲಿ.

ಗಲ್ಫಿಗೆ ಹೋದವರು ರಜೆಯಲ್ಲಿ ಬರುವಾಗ ಟೇಪ್‌ರೆಕಾರ್ಡರ್ ತರುತ್ತಿದ್ದ ಕಾಲ ಅದು. ಆ ಕ್ಯಾಸೆಟ್ಟನ್ನು ನಾವು ಸವೆಯುವಷ್ಟು ತಿರುಗಿಸಿದೆವು. ಅಡಿಗೆಮನೆಯಿಂದ ಉಮ್ಮ ಗದರಿದರೆ ದನಿ ತಗ್ಗಿಸುತ್ತಿದ್ದೆವು, ನಿಲ್ಲಿಸುತ್ತಿರಲಿಲ್ಲ. ಹಾಡಿದ ಹುಡುಗಿ ಯಾವ ದೇಶದವಳೆಂದು ಉಮ್ಮನೂ ಕೇಳಲಿಲ್ಲ, ಪಕ್ಕದ ಮನೆಯವರೂ ಕೇಳಲಿಲ್ಲ.

ಆ ಹಾಡು ಹುಟ್ಟಿದ ಬಗೆ ನೋಡಿ. ಚಿತ್ರದ ನಿರ್ದೇಶಕ ಫಿರೋಝ್ ಖಾನ್ ನಮ್ಮ ಬೆಂಗಳೂರಲ್ಲಿ ಹುಟ್ಟಿದವರು. ಆ ಹಾಡಿಗೆ ರಾಗ ಹಾಕಿದ ಬಿದ್ದು ಕೂಡ ಬೆಂಗಳೂರಿನವರೇ, ಕೊಡವ ಮನೆತನದ ಬಿದ್ದು ಅಪ್ಪಯ್ಯ. ಇಂಗ್ಲೆಂಡಿಗೆ ಹೋಗಿ, 1974ರಲ್ಲಿ 'ಕುಂಗ್ ಫೂ ಫೈಟಿಂಗ್' ಎಂಬ ಇಂಗ್ಲಿಷ್ ಹಾಡನ್ನು ನಿರ್ಮಿಸಿ ಲೋಕಪ್ರಸಿದ್ಧರಾಗಿದ್ದರು. ಲಂಡನ್ನಿನ ಔತಣವೊಂದರಲ್ಲಿ ಫಿರೋಝ್ ಖಾನ್ ನಾಝಿಯಾರನ್ನು ಕಂಡು ಬಿದ್ದು ಬಳಿಗೆ ಕಳುಹಿಸಿದರು. ಹಾಡು ಅಲ್ಲೇ ಧ್ವನಿಮುದ್ರಣವಾಯಿತು. ಪರದೆಯ ಮೇಲೆ ಅದಕ್ಕೆ ತುಟಿಯಾಡಿಸಿದವರು ಮುಂಬಯಿಯ ಝೀನತ್ ಅಮಾನ್. ಮರುವರ್ಷ ನಾಝಿಯಾಗೆ ಫಿಲ್ಮ್‌ಫೇರ್‌ನ ಶ್ರೇಷ್ಠ ಹಿನ್ನೆಲೆ ಗಾಯಕಿ ಪ್ರಶಸ್ತಿ ಬಂತು. ಅಷ್ಟು ಚಿಕ್ಕ ವಯಸ್ಸಿನವರಿಗೆ ಅದು ಅದುವರೆಗೆ ಸಿಕ್ಕಿರಲಿಲ್ಲ.

ಆದರೆ ಆಕೆಯ ಸ್ವಂತ ನಾಡಿನ ಚಿತ್ರಮಂದಿರಗಳಲ್ಲಿ 'ಕುರ್ಬಾನಿ' ತೆರೆಕಾಣುವಂತಿರಲಿಲ್ಲ. 1965ರ ಯುದ್ಧದ ಬಳಿಕ ಅಲ್ಲಿ ಭಾರತೀಯ ಚಿತ್ರಗಳಿಗೆ ನಿಷೇಧವಿತ್ತು. ಜನರಲ್ ಝಿಯಾ ಆಡಳಿತದಲ್ಲಿ ಟೀವಿಯಲ್ಲಿ ಸುದ್ದಿ ಓದುವ ಹೆಣ್ಣುಮಕ್ಕಳು ತಲೆಗೆ ಸೆರಗು ಹಾಕಬೇಕಿತ್ತು. ಅಂಥ ದಿನಗಳಲ್ಲೇ, 1981ರಲ್ಲಿ, ನಾಝಿಯಾ ಮತ್ತು ತಮ್ಮ ಝೊಹೇಬ್ ಬಿದ್ದು ಜೊತೆಗೂಡಿ 'ಡಿಸ್ಕೋ ದಿವಾನೆ' ತಂದರು. ಸಿನಿಮಾದ ಹಂಗಿಲ್ಲದ ಆಲ್ಬಮ್ಮೊಂದು ಗಡಿಯ ಎರಡೂ ಕಡೆ ಮನೆಮಾತಾಯಿತು. 1982ರ 'ಸ್ಟಾರ್' ಚಿತ್ರ ಸೋತರೂ ಅದರ 'ಬೂಮ್ ಬೂಮ್' ಉಳಿಯಿತು. ಬಳಿಕ 1984ರಲ್ಲಿ 'ಯಂಗ್ ತರಂಗ್', 1987ರಲ್ಲಿ 'ಹಾಟ್‌ಲೈನ್', 1992ರಲ್ಲಿ 'ಕ್ಯಾಮೆರಾ ಕ್ಯಾಮೆರಾ' ಬಂದವು.

ಕುಣಿಸುವ ತಾಳದ ಮೇಲೆ ಒಂದಿಷ್ಟೂ ಅಬ್ಬರವಿಲ್ಲದ ದನಿ ಕೂರಿಸಿದ್ದೇ ಆ ಸಂಗೀತದ ಗುಟ್ಟು. ಡಿಸ್ಕೋ ಎಂದರೆ ಮಾನಗೇಡು ಎನ್ನುತ್ತಿದ್ದ ಹಿರಿಯರಿಗೂ ಆ ದನಿಯಲ್ಲಿ ಆಕ್ಷೇಪಿಸುವಂಥದ್ದೇನೂ ಸಿಗುತ್ತಿರಲಿಲ್ಲ.

ಖ್ಯಾತಿಗೆ ನಾಝಿಯಾ ಜೋತುಬೀಳಲಿಲ್ಲ. ಲಂಡನ್ನಿನಲ್ಲಿ ಕಾನೂನು ಪದವಿ ಪಡೆದರು, ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯಲ್ಲಿ ದುಡಿದರು, ಮಾದಕವಸ್ತುಗಳ ವಿರುದ್ಧ ದನಿಯೆತ್ತಿದರು. ಶ್ವಾಸಕೋಶದ ಕ್ಯಾನ್ಸರಿಗೆ ತುತ್ತಾಗಿ 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ಕಣ್ಣುಮುಚ್ಚಿದಾಗ ಮೂವತ್ತೈದು ವರ್ಷ. ಪುಟ್ಟ ಮಗನಿದ್ದ. ಪಾಕಿಸ್ತಾನ ಸರಕಾರ ಮರಣೋತ್ತರವಾಗಿ 'ಪ್ರೈಡ್ ಆಫ್ ಪರ್ಫಾರ್ಮೆನ್ಸ್' ಗೌರವ ನೀಡಿತು.

2016ರಲ್ಲಿ ಉರಿ ದಾಳಿಯ ಬಳಿಕ ಮುಂಬಯಿಯ ನಿರ್ಮಾಪಕರ ಸಂಘ ಪಾಕಿಸ್ತಾನದ ಕಲಾವಿದರನ್ನು ಹೊರಗಿಟ್ಟಿತು. ಯೋಧರನ್ನು ಕಳೆದುಕೊಂಡ ಮನೆಗಳ ನೋವು ನಮ್ಮದೂ ಹೌದು. ಆದರೆ ಪಕ್ಕದ ದೇಶದ ಹಾಡನ್ನು ಮೆಚ್ಚಿದರೆ ಅನುಮಾನದ ನೋಟ ಮೊದಲು ಬೀಳುವುದು ನಮ್ಮಂಥ ಹೆಸರಿನವರ ಮೇಲೆ. ಅದೇ ಹಾಡನ್ನು ಒಮ್ಮೆ ಇಡೀ ದೇಶ ಗುನುಗಿತ್ತೆಂದು ಈಗ ಯಾರಿಗೆ ಹೇಳುವುದು? 'ಡಿಸ್ಕೋ ದಿವಾನೆ'ಯನ್ನು 2012ರಲ್ಲಿ 'ಸ್ಟೂಡೆಂಟ್ ಆಫ್ ದಿ ಇಯರ್' ಚಿತ್ರಕ್ಕಾಗಿ ಹೊಸದಾಗಿ ಕಟ್ಟಿದರು. ಇಂದಿಗೂ ಮದುವೆ ಮನೆಗಳಲ್ಲಿ ಮಕ್ಕಳು ಅದಕ್ಕೆ ಕುಣಿಯುತ್ತಾರೆ. ಮೊದಲು ಹಾಡಿದ್ದು ಕರಾಚಿಯ ಹುಡುಗಿಯೆಂದು ನಾವು ಹೇಳಿದರೆ, "ಹೌದಾ?" ಎಂದು ಕೇಳಿ ಮತ್ತೆ ಕುಣಿತಕ್ಕೆ ಹೊರಡುತ್ತಾರೆ.